ಯಂತ್ರಕ್ಕೆ ನುಡಿ ಕಲಿಸಿದ ಗ್ರೇಸ್ ಹಾಪರ್

ಹಿರಿಯರ ಜೀವನವನ್ನು ಬರೆಯುವುದಕ್ಕೆ ಹಿರಿದಾದ ಯೋಗ್ಯತೆ ಬೇಕು. ಅದು ನನ್ನಲ್ಲಿಲ್ಲವೆಂಬುದನ್ನು ನಾನು ಬಲ್ಲೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ಇಂಥವನು ಅಮೆರಿಕದ ಗಣಿತಶಾಸ್ತ್ರಜ್ಞೆಯೊಬ್ಬರ ಚರಿತ್ರೆಯನ್ನು ಬರೆಯಹೊರಟನೆಂದರೆ ಮಿತ್ರರು ನಕ್ಕಾರು. ಆದರೆ ಕಳೆದ ವರ್ಷ ನನಗೊದಗಿದ ಒಂದು ಸೋಲೇ ಈ ಮಹಿಳೆಯ ಪರಿಚಯ ಮಾಡಿಸಿತು. ಆ ಋಣವನ್ನು ಈ ನಾಲ್ಕು ಪುಟಗಳಲ್ಲಿ ಎಷ್ಟು ತೀರಿಸಬಹುದೋ ಅಷ್ಟನ್ನು ತೀರಿಸುವ ಆಸೆ.

ಸಂಗತಿ ಹೀಗಿದೆ. ನಮ್ಮ ಗ್ರಂಥಭಂಡಾರದಲ್ಲಿರುವ ಕನ್ನಡ ಪುಸ್ತಕಗಳನ್ನು ಹುಡುಕಲು ಅನುಕೂಲವಾಗುವಂತೆ ಚಿಕ್ಕದೊಂದು ಪ್ರೋಗ್ರಾಮ್ ಬರೆಯುವ ಕೆಲಸವನ್ನು ಕಂಪ್ಯೂಟರ್ ಕಲಿಸುವ ಅಧ್ಯಾಪಕರು ನನಗೆ ವಹಿಸಿದರು. ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದರ ಮುಂದೆ ಎರಡು ತಿಂಗಳು ಕುಳಿತು ಸಿ ಭಾಷೆಯಲ್ಲಿ ಅದನ್ನು ಬರೆದೆ. ಅಲ್ಲಿ ಅದು ಚೆನ್ನಾಗಿಯೇ ನಡೆಯಿತು. ಅನಂತರ, ಓದುವ ಕೋಣೆಯಲ್ಲಿಡಬೇಕೆಂದು ತಂದಿದ್ದ ಅಂಗೈಯಗಲದ ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ನಕಲು ಮಾಡಿ ಚಾಲನೆ ಕೊಟ್ಟೆ. ಕಡತದ ರೂಪವೇ ಸರಿಯಿಲ್ಲ, ನಡೆಸಲಾಗದು ಎಂಬರ್ಥದ ಒಂದೇ ಒಂದು ಸಾಲು ತೆರೆಯ ಮೇಲೆ ಬಂದಿತು. ಮೂರು ದಿನ ಹೆಣಗಿದೆ. ಇದು ನಮ್ಮಂಥವರಿಗೆ ಒಲಿಯುವ ವಿದ್ಯೆಯಲ್ಲವೆಂದು ಮನಸ್ಸು ಕುಗ್ಗಿತು. ನಾಲ್ಕನೆಯ ದಿನ ಅಧ್ಯಾಪಕರ ಬಳಿಗೆ ಹೋಗಿ, ಕೆಲಸವನ್ನು ಬೇರೆ ಯಾರಿಗಾದರೂ ಕೊಡಿರೆಂದು ಬೇಡಿಕೊಂಡೆ.

ಅವರು ಗದರಲಿಲ್ಲ, ನಕ್ಕರು. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲವೆಂದೂ, ದೊಡ್ಡ ಕಂಪ್ಯೂಟರಿನ ಪ್ರೊಸೆಸರ್ ಇಂಟೆಲ್ ಜಾತಿಯದು, ಚಿಕ್ಕದರದು ಆರ್ಮ್ ಜಾತಿಯದು, ಒಂದಕ್ಕೆ ತಿಳಿಯುವ ಆಜ್ಞೆ ಇನ್ನೊಂದಕ್ಕೆ ತಿಳಿಯದೆಂದೂ ವಿವರಿಸಿದರು. ಲಿನಕ್ಸಿನಲ್ಲಿ ನಡೆಯುವ ಪ್ರತಿಯೊಂದು ಕಡತದ ನೆತ್ತಿಯ ಮೇಲೂ ಅದು ಯಾವ ಜಾತಿಯ ಪ್ರೊಸೆಸರಿಗಾಗಿ ಕಟ್ಟಿದ್ದೆಂಬುದನ್ನು ಸೂಚಿಸುವ ಒಂದು ಸಂಖ್ಯೆ ಇರುತ್ತದೆ. ೬೪ ಬಿಟ್ಟಿನ ಇಂಟೆಲ್ ಜಾತಿಗೆ ೬೨. ೬೪ ಬಿಟ್ಟಿನ ಆರ್ಮ್ ಜಾತಿಗೆ ೧೮೩. ನನ್ನ ಕಡತದಲ್ಲಿ ೬೨ ಎಂದಿತ್ತು; ಪುಟ್ಟ ಯಂತ್ರ ಅದನ್ನು ಹೊಸ್ತಿಲಿನಲ್ಲಿಯೇ ತಡೆಯಿತು. ಒಂದು ಯಂತ್ರದ ಮುಂದೆ ಕುಳಿತು ಇನ್ನೊಂದು ಜಾತಿಯ ಯಂತ್ರಕ್ಕಾಗಿ ಪ್ಯಾಕೇಜ್ ಕಟ್ಟುವ ಉಪಾಯವುಂಟು, ಅದಕ್ಕೆ ಬೇಕಾದ ಸಾಧನ ಕ್ರಾಸ್ ಕಂಪೈಲರ್ ಎಂದರು. ಕಂಪೈಲರ್ ಎಂದರೆ, ಮನುಷ್ಯ ಓದಬಲ್ಲ ಭಾಷೆಯಲ್ಲಿ ಬರೆದುದನ್ನು ಪ್ರೊಸೆಸರಿನ ಆಜ್ಞೆಗಳನ್ನಾಗಿ ಮಾರ್ಪಡಿಸುವ ಪ್ರೋಗ್ರಾಮ್. ಕೊನೆಗೆ, ಈ ದಾರಿಯನ್ನು ಮೊದಲು ತುಳಿದವರಲ್ಲಿ ಒಬ್ಬಾಕೆಯ ಚರಿತ್ರೆಯನ್ನು ಓದಿಕೊಂಡು ಬಾ, ಆಮೇಲೆ ಬಿಡುವ ಮಾತಾಡೋಣ ಎಂದು ಕಳುಹಿಸಿದರು. ಓದಿದೆ. ಓದಿದ್ದನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಗ್ರೇಸ್ ಬ್ರೂಸ್ಟರ್ ಮರ್ರೆ ೧೯೦೬ನೆಯ ಇಸವಿ ಡಿಸೆಂಬರ್ ೯ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದಳು. ಮೂವರು ಮಕ್ಕಳಲ್ಲಿ ಹಿರಿಯಳು. ತಂದೆ ವಿಮೆಯ ವ್ಯವಹಾರ ನಡೆಸುತ್ತಿದ್ದರು. ಬೇನೆಯ ದೆಸೆಯಿಂದ ಅವರ ಎರಡು ಕಾಲುಗಳನ್ನೂ ತೆಗೆಯಬೇಕಾಯಿತು. ಆದರೂ ಧೃತಿಗೆಡದ ಆ ತಂದೆ, ಗಂಡುಮಗನಿಗೆ ಸಿಗುವ ವಿದ್ಯೆಯೇ ಹೆಣ್ಣುಮಕ್ಕಳಿಗೂ ಸಿಗಬೇಕು, ನಾಳೆ ತಾವಿಲ್ಲದಿದ್ದರೂ ಅವರು ತಮ್ಮ ಕಾಲ ಮೇಲೆ ನಿಲ್ಲುವಂತಾಗಬೇಕು ಎಂದು ಹಟ ಹಿಡಿದರು. ಮುತ್ತಾತ ಅಮೆರಿಕದ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದವರು. ಏಳು ವರ್ಷದ ಹುಡುಗಿ ಗ್ರೇಸ್, ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ತಿಳಿಯುವುದಕ್ಕಾಗಿ ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬಾರದೆ ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಚ್ಚಿಹೋದವು. ತಾಯಿ ಬೈದು ಸುಮ್ಮನಾಗದೆ, ಮುಂದೆ ಒಂದೇ ಒಂದು ಗಡಿಯಾರವನ್ನು ಮಾತ್ರ ಬಿಚ್ಚಬಹುದೆಂದು ಕಟ್ಟು ಮಾಡಿದರು.

ಇಂಥ ಜಾಣೆಗೂ ಸೋಲು ತಪ್ಪಲಿಲ್ಲ. ವ್ಯಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯಲ್ಲಿ ಸಾಕಷ್ಟು ಅಂಕ ಬಾರದೆ ಒಂದು ವರ್ಷ ಹೊರಗುಳಿಯಬೇಕಾಯಿತು. ಮರುವರ್ಷ ಸೇರಿ, ೧೯೨೮ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ ಪಡೆದಳು. ೧೯೩೦ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಎಂ.ಎ.; ಅದೇ ವರ್ಷ ವಿನ್ಸೆಂಟ್ ಹಾಪರ್ ಎಂಬ ಸಾಹಿತ್ಯದ ಅಧ್ಯಾಪಕರೊಡನೆ ವಿವಾಹ; ೧೯೩೪ರಲ್ಲಿ ಯೇಲಿನಿಂದಲೇ ಗಣಿತದಲ್ಲಿ ಡಾಕ್ಟರೇಟ್. ೧೯೩೧ರಿಂದ ವ್ಯಾಸರಿನಲ್ಲಿಯೇ ಪಾಠ ಹೇಳುತ್ತಿದ್ದರು. ಆ ವಿವಾಹ ಬಹುಕಾಲ ಬಾಳಲಿಲ್ಲ, ೧೯೪೫ರಲ್ಲಿ ವಿಚ್ಛೇದನವಾಯಿತು. ಮಕ್ಕಳಿರಲಿಲ್ಲ. ಹಾಪರ್ ಎಂಬ ಹೆಸರು ಮಾತ್ರ ಕೊನೆಯವರೆಗೂ ಉಳಿಯಿತು.

ಎರಡನೆಯ ಮಹಾಯುದ್ಧ ಆಕೆಯ ಬಾಳಿನ ದಿಕ್ಕನ್ನೇ ತಿರುಗಿಸಿತು. ನೌಕಾಪಡೆಗೆ ಸೇರಬೇಕೆಂದು ಹೋದಾಗ ವಯಸ್ಸು ಮೀರಿತೆಂದರು. ತೂಕ ನಿಯಮಿತ ೧೨೦ ಪೌಂಡಿಗಿಂತ ೧೫ ಪೌಂಡು ಕಡಮೆಯೆಂದರು. ಗಣಿತದ ಅಧ್ಯಾಪಕಿಯ ಕೆಲಸವೇ ದೇಶಕ್ಕೆ ಅಗತ್ಯವಾದುದೆಂದರು. ಆಕೆ ಬಿಡಲಿಲ್ಲ. ವಿಶೇಷ ಅನುಮತಿ ಪಡೆದು ೧೯೪೩ರ ಡಿಸೆಂಬರಿನಲ್ಲಿ ಸೇರಿಯೇ ಸೇರಿದರು. ತರಬೇತಿಯಲ್ಲಿ ತಮ್ಮ ತಂಡಕ್ಕೇ ಮೊದಲಿಗರಾಗಿ ಬಂದರು. ಹಡಗಿಗೆ ಹೋಗುವೆನೆಂದುಕೊಂಡಿದ್ದವರನ್ನು ೧೯೪೪ರ ಜುಲೈ ತಿಂಗಳಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಹೊವರ್ಡ್ ಏಕನ್ ಎಂಬ ಅಧಿಕಾರಿಯ ಕೈಕೆಳಗೆ ಮಾರ್ಕ್-೧ ಎಂಬ ಮಹಾಯಂತ್ರವಿದ್ದಿತು. ಉದ್ದ ೫೧ ಅಡಿ, ಎತ್ತರ ೮ ಅಡಿ, ತೂಕ ಸುಮಾರು ೫ ಟನ್ನು. ಕ್ಷಣಕ್ಕೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಒಂದು ಗುಣಾಕಾರಕ್ಕೆ ಆರು ಕ್ಷಣ ಬೇಕಾಗುತ್ತಿತ್ತು. ಏಕನ್ ಮಹಾಶಯರು ಆದರೋಪಚಾರಗಳಿಗೆ ಹೊತ್ತು ಕಳೆಯದೆ, ಬಂದೊಡನೆಯೇ ಕೈಗೆ ಲೆಕ್ಕ ಕೊಟ್ಟರು.

ಈಗಿನವರು ಆ ಕಾಲದ ಪ್ರೋಗ್ರಾಮನ್ನು ಊಹಿಸಿಕೊಳ್ಳುವುದು ಕಷ್ಟ. ಕಾಗದದ ಪಟ್ಟಿಯಲ್ಲಿ ರಂಧ್ರಗಳನ್ನು ಕೊರೆದು, ಯಾವ ಸಂಖ್ಯೆಯನ್ನು ಎಲ್ಲಿಂದ ತೆಗೆದು ಎಲ್ಲಿ ಇಡಬೇಕು ಎಂಬುದನ್ನೆಲ್ಲ ಒಂದೊಂದಾಗಿ ಹೇಳಬೇಕಾಗಿತ್ತು. ಹೀಗೆ ಹೇಳಿದ್ದು ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತಿತ್ತು. ಯಂತ್ರ ಬದಲಾದರೆ ಮೊದಲಿನಿಂದ ಬರೆಯಬೇಕು. ಈ ಯಂತ್ರವನ್ನು ನಡೆಸುವ ಬಗೆಯನ್ನು ವಿವರಿಸುವ ಗ್ರಂಥವನ್ನು ಬರೆಯುವ ಹೊಣೆಯೂ ಹಾಪರ್ ಅವರ ಮೇಲೆ ಬಿದ್ದಿತು. ೫೬೧ ಪುಟಗಳ ಆ ಗ್ರಂಥ ೧೯೪೬ರಲ್ಲಿ ಹೊರಬಂದಿತು. ೧೯೪೭ರ ಸೆಪ್ಟೆಂಬರಿನಲ್ಲಿ ಮಾರ್ಕ್-೨ ಯಂತ್ರದೊಳಗೆ ಸಿಕ್ಕಿಬಿದ್ದಿದ್ದ ಚಿಟ್ಟೆಯೊಂದನ್ನು ತೆಗೆದು ದಿನಚರಿಯ ಪುಸ್ತಕದಲ್ಲಿ ಅಂಟಿಸಿದ ಕಥೆಯನ್ನು ಹಲವರು ಕೇಳಿರಬಹುದು. ಯಂತ್ರದ ದೋಷಕ್ಕೆ ಹುಳು ಎಂದು ಕರೆಯುವ ರೂಢಿ ಅದಕ್ಕಿಂತ ಹಳೆಯದು. ಕಥೆಯನ್ನು ರಸವತ್ತಾಗಿ ಹೇಳಿ ಹೇಳಿ ಲೋಕಪ್ರಸಿದ್ಧ ಮಾಡಿದವರು ಮಾತ್ರ ಹಾಪರ್.

ಯುದ್ಧ ಮುಗಿದ ಮೇಲೆ ಆಕೆಯ ಬಾಳಿನಲ್ಲಿ ಕತ್ತಲೆಯೂ ಬಂದಿತು. ದುಡಿಮೆಯ ಭಾರ, ಒಂಟಿತನ, ಹಾರ್ವರ್ಡಿನಲ್ಲಿ ಕಾಯಂ ನೆಲೆ ಇಲ್ಲದಿರುವಿಕೆ, ಇವೆಲ್ಲ ಸೇರಿ ಕುಡಿತದ ಕಡೆಗೆ ಎಳೆದವು. ಹಿತೈಷಿಗಳು ಮರೆಮಾಚದೆ ಎಚ್ಚರಿಸಿದರು. ದೊಡ್ಡವರ ಚರಿತ್ರೆಯಲ್ಲಿ ಇಂಥ ಪುಟಗಳನ್ನು ಹರಿದುಹಾಕುವುದು ವಾಡಿಕೆ. ಬಿದ್ದವರು ಎದ್ದ ಬಗೆಯನ್ನು ತಿಳಿಯಬೇಕಾದರೆ ಬಿದ್ದದ್ದೂ ತಿಳಿದಿರಬೇಕಲ್ಲವೆ? ಆದುದರಿಂದ ಇದನ್ನು ಬರೆದೆ.

೧೯೪೯ರಲ್ಲಿ ಹಾಪರ್ ಹಾರ್ವರ್ಡನ್ನು ಬಿಟ್ಟು ಫಿಲಡೆಲ್ಫಿಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬಿಬ್ಬರು ನಡೆಸುತ್ತಿದ್ದ ಚಿಕ್ಕ ಸಂಸ್ಥೆಗೆ ಸೇರಿದರು. ಅಲ್ಲಿ ಯೂನಿವ್ಯಾಕ್ ಎಂಬ ಹೊಸ ಕಂಪ್ಯೂಟರ್ ಸಿದ್ಧವಾಗುತ್ತಿತ್ತು. ಅದಕ್ಕೆ ಮೊದಲು ಬೈನ್ಯಾಕ್ ಎಂಬ ಇನ್ನೊಂದಿತ್ತು. ಅದರ ಲೆಕ್ಕವೆಲ್ಲ ಹತ್ತರ ಬದಲು ಎಂಟರ ಎಣಿಕೆಯಲ್ಲಿ. ಏಳು ಮುಗಿದೊಡನೆ ಹತ್ತು. ಹಾಪರ್ ಆ ಎಣಿಕೆಯಲ್ಲಿಯೇ ಕೂಡುವುದು ಕಳೆಯುವುದು ಅಭ್ಯಾಸ ಮಾಡಿಕೊಂಡರು. ಕೆಲವು ತಿಂಗಳ ಮೇಲೆ ನೋಡಿದರೆ ಬ್ಯಾಂಕಿನ ಲೆಕ್ಕಕ್ಕೂ ತಮ್ಮ ಪುಸ್ತಕದ ಲೆಕ್ಕಕ್ಕೂ ತಾಳೆಯಿಲ್ಲ! ಬ್ಯಾಂಕಿನ ವ್ಯವಹಾರ ಬಲ್ಲ ತಮ್ಮನನ್ನು ಕರೆಸಿ ತೋರಿಸಿದಾಗ ಗುಟ್ಟು ಬಯಲಾಯಿತು: ಅಕ್ಕ ಎಷ್ಟೋ ಕಡೆ ಎಂಟರ ಎಣಿಕೆಯಲ್ಲಿ ಕಳೆದಿದ್ದರು. ಈ ಕಥೆಯನ್ನು ಓದಿ ನಾನು ನಕ್ಕೆ. ಆದರೆ ಆಕೆಗೆ ಇದೊಂದು ಪಾಠವಾಯಿತು. ಯಂತ್ರದ ಸ್ವಭಾವಕ್ಕೆ ಮನುಷ್ಯ ತನ್ನನ್ನು ಬಗ್ಗಿಸಿಕೊಳ್ಳುತ್ತ ಹೋದರೆ ಮನುಷ್ಯನ ಲೆಕ್ಕವೇ ತಪ್ಪುತ್ತದೆ, ಬಗ್ಗಬೇಕಾದದ್ದು ಯಂತ್ರ.

ಇನ್ನೊಂದು ಅನುಭವವೂ ಆಕೆಯನ್ನು ಇದೇ ಕಡೆಗೆ ನೂಕಿತು. ಪ್ರೋಗ್ರಾಮ್ ಬರೆಯುವವರು ಪದೇ ಪದೇ ಬೇಕಾಗುವ ಲೆಕ್ಕದ ತುಣುಕುಗಳನ್ನು ತಮ್ಮ ತಮ್ಮ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರದನ್ನು ಒಬ್ಬರು ನಕಲು ಮಾಡುತ್ತಿದ್ದರು. ಪ್ರತಿಯೊಂದು ತುಣುಕೂ ಸೊನ್ನೆಯ ವಿಳಾಸದಿಂದ ಆರಂಭವಾಗುತ್ತಿತ್ತು. ಅದನ್ನು ಪ್ರೋಗ್ರಾಮಿನ ನಡುವೆ ಸೇರಿಸುವಾಗ, ಅದರೊಳಗಿನ ವಿಳಾಸಗಳಿಗೆಲ್ಲ ಹೊಸ ಜಾಗದ ಸಂಖ್ಯೆಯನ್ನು ಕೂಡುತ್ತ ಹೋಗಬೇಕು. ನಕಲು ಮಾಡುವಾಗ ತಪ್ಪು, ಕೂಡುವಾಗ ತಪ್ಪು. ಮನುಷ್ಯ ಇವೆರಡರಲ್ಲಿಯೂ ಕುಶಲನಲ್ಲ, ಯಂತ್ರವೋ ಇವೆರಡನ್ನೇ ಬಲ್ಲುದು. ಹಾಗಿರುವಾಗ ಈ ಕೆಲಸವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದು? ಪ್ರಶ್ನೆ ಸರಳವಾದುದು. ಅದನ್ನು ಕೇಳುವುದಕ್ಕೆ ಒಬ್ಬರು ಬೇಕಾಗಿತ್ತು.

೧೯೫೧-೫೨ರಲ್ಲಿ ಹಾಪರ್ ಎ-೦ ಎಂಬ ವ್ಯವಸ್ಥೆಯನ್ನು ಕಟ್ಟಿದರು. ತುಣುಕುಗಳನ್ನೆಲ್ಲ ಒಂದು ಟೇಪಿನಲ್ಲಿಟ್ಟು, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟರು. ಬರೆಯುವವನು ಸಂಖ್ಯೆಯನ್ನು ಹೇಳಿದರೆ ಸಾಕು. ಯಂತ್ರವೇ ಅದನ್ನು ಹುಡುಕಿ ತಂದು, ವಿಳಾಸಗಳನ್ನು ತಿದ್ದಿ, ಒಟ್ಟುಗೂಡಿಸಿ ಪ್ರೋಗ್ರಾಮ್ ಮಾಡಿಕೊಡುತ್ತಿತ್ತು. ಬೇರೆ ಬೇರೆ ಕಡೆಯಿಂದ ಆಯ್ದು ಒಟ್ಟುಗೂಡಿಸುವುದರಿಂದ ಇದಕ್ಕೆ ಕಂಪೈಲರ್ ಎಂದು ಹೆಸರಿಟ್ಟರು. ಈಗಿನ ದೃಷ್ಟಿಯಿಂದ ನೋಡಿದರೆ ಅದು ಪೂರ್ಣ ಕಂಪೈಲರ್ ಅಲ್ಲ, ತುಣುಕುಗಳನ್ನು ಬೆಸೆಯುವ ಲಿಂಕರಿಗೆ ಹತ್ತಿರವಾದುದು. ಆದರೆ ಪ್ರೋಗ್ರಾಮನ್ನು ಪ್ರೋಗ್ರಾಮೇ ಬರೆಯಬಲ್ಲುದೆಂಬುದು ಅದರಿಂದ ಪ್ರತ್ಯಕ್ಷವಾಯಿತು. ಪ್ರತ್ಯಕ್ಷವಾದರೂ ಬಹುಮಂದಿ ನಂಬಲಿಲ್ಲ. ಕಂಪ್ಯೂಟರ್ ಅಂಕಗಣಿತವನ್ನಷ್ಟೇ ಮಾಡಬಲ್ಲುದು, ಪ್ರೋಗ್ರಾಮ್ ಬರೆಯಲಾರದು ಎಂದು ತಲೆಯಾಡಿಸಿದರು.

ಅಲ್ಲಿಂದ ಮುಂದಿನ ಹೆಜ್ಜೆ ಇನ್ನೂ ದಿಟ್ಟವಾದುದು. ವಿಜ್ಞಾನಿಗಳಿಗೆ ಗಣಿತದ ಚಿಹ್ನೆಗಳು ಹಿತವಾಗಿರಬಹುದು. ಆದರೆ ಅಂಗಡಿಯ ದಾಸ್ತಾನು, ಸಂಬಳದ ಪಟ್ಟಿ ನೋಡಿಕೊಳ್ಳುವವರಿಗೆ ಅವು ಬೇಡ, ಅವರಿಗೆ ಬೇಕಾದದ್ದು ಅವರಾಡುವ ಮಾತು ಎಂಬುದು ಹಾಪರ್ ಅವರ ನಿಲುವು. ೧೯೫೫ರಲ್ಲಿ ತಮ್ಮ ಸಂಸ್ಥೆಯ ಮೇಲಧಿಕಾರಿಗಳ ಮುಂದೆ ಇಂಗ್ಲಿಷ್ ಮಾತುಗಳಲ್ಲಿಯೇ ಬರೆದ ಸಣ್ಣ ಪ್ರೋಗ್ರಾಮೊಂದನ್ನು ಯಂತ್ರದಿಂದ ನಡೆಸಿ ತೋರಿಸಿದರು. ಆ ಮಾತುಗಳೂ ಯಂತ್ರಕ್ಕೆ ಬರಿಯ ಗುರುತುಗಳೇ ತಾನೆ, ಭಾಷೆ ಯಾವುದಾದರೇನು ಎಂಬುದನ್ನು ಮನಗಾಣಿಸಲು, ಅದೇ ಪ್ರೋಗ್ರಾಮನ್ನು ಫ್ರೆಂಚಿನಲ್ಲಿಯೂ ಜರ್ಮನಿನಲ್ಲಿಯೂ ನಡೆಸಿದರು. ಅಧಿಕಾರಿಗಳು ಸಂತೋಷಪಡುವ ಬದಲು ಹೌಹಾರಿದರು! ಅಮೆರಿಕದ ಯಂತ್ರ ಪರಭಾಷೆಯನ್ನು ತಿಳಿಯುವುದೆಂದರೆ ಅವರಿಗೆ ಅಸಂಭವವಾಗಿ ಕಂಡಿತು. ಇಂಗ್ಲಿಷಿಗೆ ಮಾತ್ರ ಕೈಹಾಕುವೆನೆಂದು ಸಮಾಧಾನಪಡಿಸಿ, ಫ್ಲೋ-ಮ್ಯಾಟಿಕ್ ಎಂಬ ಭಾಷೆಯನ್ನು ಹಾಪರ್ ಬೆಳೆಸಿದರು.

ಈ ಭಾಗವನ್ನು ನಾನು ಎರಡು ಸಲ ಓದಿದೆ. ನಮ್ಮೂರಿನಲ್ಲಿ ಬ್ಯಾಂಕಿನ ಚಲನ್, ಪಿಂಚಣಿಯ ಅರ್ಜಿ ಬಂದರೆ ಜನ ನನ್ನ ಹತ್ತಿರ ತರುತ್ತಾರೆ. ನಮ್ಮ ತಂದೆ ಹೆಬ್ಬೆಟ್ಟು ಒತ್ತುವವರು. ಆದರೆ ಹತ್ತು ಹೊಲದ ಬೀಜ, ಗೊಬ್ಬರ, ಕೂಲಿಗಳ ಲೆಕ್ಕವನ್ನು ಕಾಗದವಿಲ್ಲದೆ ತಲೆಯಲ್ಲಿಟ್ಟುಕೊಂಡು ಹೇಳಬಲ್ಲರು. ಅವರಿಗೆ ಕೊರತೆಯಾಗಿರುವುದು ಬುದ್ಧಿಯಲ್ಲ. ಅರ್ಜಿ ಅವರ ಮಾತನ್ನು ಆಡುವುದಿಲ್ಲ, ಅಷ್ಟೆ. ಮಾತು ಬೇರೆಯಾದ ಮಾತ್ರಕ್ಕೆ ಮನುಷ್ಯನನ್ನು ಹೊರಗೆ ನಿಲ್ಲಿಸಬಾರದೆಂದು, ನಡುವೆ ಒಬ್ಬ ಭಾಷಾಂತರಕಾರನನ್ನು ಇಡಬೇಕೆಂದು, ಆ ಭಾಷಾಂತರಕಾರ ಯಂತ್ರವೇ ಆಗಲೆಂದು ಹಾಪರ್ ಹೊರಟರು. ಕಲಾವಿಭಾಗದ ವಿದ್ಯಾರ್ಥಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಕೇಳುವ ಗೆಳೆಯರಿಗೆ ಇದೇ ನನ್ನ ಉತ್ತರ.

೧೯೫೯ರ ಹೊತ್ತಿಗೆ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ ಹಲವು ಕಂಪನಿಗಳ ಕಂಪ್ಯೂಟರುಗಳು ತುಂಬಿದ್ದವು. ಒಂದರ ಪ್ರೋಗ್ರಾಮ್ ಇನ್ನೊಂದರಲ್ಲಿ ನಡೆಯದು. ಈ ಗೊಂದಲವನ್ನು ಪರಿಹರಿಸಲು ಆ ವರ್ಷದ ಮೇ ತಿಂಗಳಿನಲ್ಲಿ ಪೆಂಟಗನ್ನಿನಲ್ಲಿ ಸಭೆ ಸೇರಿತು. ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರಭಾಷೆಯನ್ನು ರೂಪಿಸಲು ಸಮಿತಿಗಳಾದವು. ಹಾಗೆ ಹುಟ್ಟಿದ್ದೇ ಕೋಬಾಲ್. ಅದನ್ನು ರಚಿಸಿದ್ದು ಸಮಿತಿ. ಜೀನ್ ಸ್ಯಾಮೆಟ್ ಮೊದಲಾದವರ ದುಡಿಮೆ ಅದರಲ್ಲಿದೆ. ಹಾಪರ್ ಸಲಹೆಗಾರರಾಗಿದ್ದರು, ಆದರೆ ಅದರ ತಳಹದಿ ಬಹುಮಟ್ಟಿಗೆ ಆಕೆಯ ಫ್ಲೋ-ಮ್ಯಾಟಿಕ್ಕೇ. ೧೯೬೦ನೆಯ ಡಿಸೆಂಬರ್ ೬ ಮತ್ತು ೭ರಂದು ಒಂದು ಪರೀಕ್ಷೆ ನಡೆಯಿತು. ಹೆಚ್ಚು ಕಡಮೆ ಒಂದೇ ಕೋಬಾಲ್ ಪ್ರೋಗ್ರಾಮನ್ನು ಆರ್.ಸಿ.ಎ. ಸಂಸ್ಥೆಯ ೫೦೧ ಎಂಬ ಕಂಪ್ಯೂಟರಿನಲ್ಲಿಯೂ ರೆಮಿಂಗ್ಟನ್ ರ‍್ಯಾಂಡಿನ ಯೂನಿವ್ಯಾಕ್-೨ರಲ್ಲಿಯೂ ನಡೆಸಿದರು. ಎರಡು ಯಂತ್ರಗಳೂ ಬೇರೆ ಬೇರೆ ಮನೆತನದವು, ಬೇರೆ ಬೇರೆ ಆಜ್ಞೆಗಳನ್ನು ಬಲ್ಲವು. ಎರಡರಲ್ಲಿಯೂ ಪ್ರೋಗ್ರಾಮ್ ನಡೆಯಿತು. ಬರೆಯುವುದು ಒಂದು ಸಲ. ಪ್ರತಿಯೊಂದು ಯಂತ್ರಕ್ಕೂ ಅದರದೇ ಕಂಪೈಲರ್ ಅದನ್ನು ಒಗ್ಗಿಸಿಕೊಡುತ್ತದೆ. ನನ್ನ ಪುಟ್ಟ ಸಂಕಟಕ್ಕೆ ಪರಿಹಾರ ನಾನು ಹುಟ್ಟುವುದಕ್ಕೆ ಎಷ್ಟೋ ದಶಕಗಳ ಮೊದಲೇ ಸಿದ್ಧವಾಗಿತ್ತು.

೧೯೬೬ರ ಕೊನೆಯಲ್ಲಿ ವಯಸ್ಸಾಯಿತೆಂದು ನೌಕಾಪಡೆ ಆಕೆಯನ್ನು ನಿವೃತ್ತಿಗೊಳಿಸಿತು. ಆದರೆ ಅಲ್ಲಿಯ ಕೋಬಾಲ್ ಕಂಪೈಲರುಗಳು ಒಂದೊಂದು ಒಂದೊಂದು ರೀತಿ ನಡೆದುಕೊಳ್ಳುತ್ತಿದ್ದವು. ಒಂದೇ ಭಾಷೆ ಹಲವು ಬಾಯಲ್ಲಿ ಹಲವಾದರೆ ಪಟ್ಟ ಪಾಡೆಲ್ಲ ವ್ಯರ್ಥ. ೧೯೬೭ರ ಆಗಸ್ಟಿನಲ್ಲಿ ಆರು ತಿಂಗಳ ಮಟ್ಟಿಗೆಂದು ಮತ್ತೆ ಕರೆದರು. ಆ ಆರು ತಿಂಗಳು ಮುಗಿಯಲು, ನಡುವೆ ಇನ್ನೊಂದು ನಿವೃತ್ತಿಯನ್ನೂ ದಾಟಿ, ಹತ್ತೊಂಬತ್ತು ವರ್ಷ ಹಿಡಿದವು! ಕಂಪೈಲರುಗಳು ನಿಯಮಕ್ಕೆ ಸರಿಯಾಗಿವೆಯೇ ಎಂದು ಒರೆಗೆ ಹಚ್ಚುವ ಪರೀಕ್ಷಾ ಪ್ರೋಗ್ರಾಮುಗಳನ್ನು ಆಕೆಯ ತಂಡ ರಚಿಸಿತು. ಊರೂರು ತಿರುಗಿ ಭಾಷಣ ಮಾಡಿದರು. ಕ್ಷಣದ ನೂರು ಕೋಟಿಯ ಒಂದು ಪಾಲಿನಲ್ಲಿ ವಿದ್ಯುತ್ತು ಹೆಚ್ಚೆಂದರೆ ಎಷ್ಟು ದೂರ ಹೋದೀತೆಂಬುದನ್ನು ತೋರಿಸಲು ೩೦ ಸೆಂಟಿಮೀಟರಿಗೆ ತುಸು ಕಡಮೆಯ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಹಿಂದಿನಿಂದ ಹೀಗೆಯೇ ಬಂದಿದೆ ಎನ್ನುವವರ ಬಾಯಿ ಮುಚ್ಚಿಸಲು, ಹಿಂದುಮುಂದಾಗಿ ತಿರುಗುವ ಗಡಿಯಾರವೊಂದನ್ನು ಕಚೇರಿಯ ಗೋಡೆಗೆ ತೂಗುಹಾಕಿದ್ದರು. ಏಳು ಗಡಿಯಾರಗಳನ್ನು ಬಿಚ್ಚಿದ ಹುಡುಗಿ ಒಳಗೇ ಇದ್ದಳೆಂದು ತೋರುತ್ತದೆ.

೧೯೮೬ನೆಯ ಆಗಸ್ಟ್ ೧೪ರಂದು, ೭೯ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿದ್ದ ಹಾಪರ್ ಬಾಸ್ಟನ್ ಬಂದರಿನಲ್ಲಿ ಕಾನ್‌ಸ್ಟಿಟ್ಯೂಷನ್ ಎಂಬ ಪುರಾತನ ಹಡಗಿನ ಮೇಲೆ ನೌಕಾಪಡೆಗೆ ವಿದಾಯ ಹೇಳಿದರು. ಆಗ ಸೇವೆಯಲ್ಲಿದ್ದ ಅಧಿಕಾರಿಗಳಲ್ಲೆಲ್ಲ ಆಕೆಯೇ ಹಿರಿಯರು. ಆಮೇಲೂ ಮನೆಯಲ್ಲಿ ಕೂರದೆ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಗೆ ಸಲಹೆಗಾರರಾದರು. ೧೯೯೨ರ ಜನವರಿ ೧ರಂದು ವರ್ಜೀನಿಯದ ಆರ್ಲಿಂಗ್ಟನ್ನಿನಲ್ಲಿ ಕಾಲವಾದರು. ಅದೇ ವರ್ಷ ಆ ಸಂಸ್ಥೆ ಆಲ್ಫಾ ಎಂಬ ಹೊಸ ಪ್ರೊಸೆಸರನ್ನು ಪ್ರಕಟಿಸಿತು. ೧೯೯೧ರಲ್ಲಿ ಇಂಟೆಲ್ ಯಂತ್ರಕ್ಕಾಗಿಯೇ ಹುಟ್ಟಿದ್ದ ಲಿನಕ್ಸನ್ನು ಕೆಲವು ವರ್ಷಗಳಲ್ಲಿ ಬೇರೆ ಪ್ರೊಸೆಸರುಗಳಿಗೂ ಒಗ್ಗಿಸಿದಾಗ, ಮೊದಲ ಸಾಲಿನಲ್ಲಿದ್ದದ್ದು ಆ ಆಲ್ಫಾ. ೨೦೧೬ರಲ್ಲಿ ಅಮೆರಿಕ ಸರ್ಕಾರ ತನ್ನ ಅತ್ಯುನ್ನತ ನಾಗರಿಕ ಪದಕವನ್ನು ಮರಣೋತ್ತರವಾಗಿ ಆಕೆಗೆ ಸಲ್ಲಿಸಿತು. ೨೦೨೧ರಲ್ಲಿ ಎನ್‌ವಿಡಿಯ ಸಂಸ್ಥೆ ತಾನು ರೂಪಿಸಿದ ಆರ್ಮ್ ಜಾತಿಯ ದೊಡ್ಡ ಪ್ರೊಸೆಸರಿಗೆ ಗ್ರೇಸ್ ಎಂದು ಹೆಸರಿಟ್ಟಿತು. ನನ್ನನ್ನು ಹೊಸ್ತಿಲಿನಲ್ಲಿ ತಡೆದದ್ದೂ ಆರ್ಮ್ ಜಾತಿಯೇ ಅಲ್ಲವೆ!

ಇಷ್ಟನ್ನು ಓದಿ ಮತ್ತೆ ಕಂಪ್ಯೂಟರಿನ ಮುಂದೆ ಕುಳಿತೆ. ಆರ್ಮಿಗಾಗಿ ಕಟ್ಟಿಕೊಡುವ ಕ್ರಾಸ್ ಕಂಪೈಲರನ್ನು ಹಾಕಿದೆ. ಮೊದಲು ಅದೂ ಕೈಕೊಟ್ಟಿತು. ನನ್ನ ಪ್ರೋಗ್ರಾಮ್ ಆಶ್ರಯಿಸಿದ್ದ ಲೈಬ್ರರಿ ಇಂಟೆಲ್ ಜಾತಿಯದೇ ಆಗಿತ್ತು. ಆರ್ಮ್ ತುಣುಕಿಗೆ ಇಂಟೆಲ್ ತುಣುಕನ್ನು ಬೆಸೆಯಲು ಲಿಂಕರ್ ಒಪ್ಪಲಿಲ್ಲ. ಡೆಬಿಯನ್ ಲಿನಕ್ಸಿನಲ್ಲಿ ಎರಡು ಜಾತಿಯ ಲೈಬ್ರರಿಗಳನ್ನೂ ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಗಳಲ್ಲಿಡಲು ಅವಕಾಶವಿದೆ. ಆರ್ಮಿನ ಲೈಬ್ರರಿಯನ್ನು ತರಿಸಿದೆ. ಆಮೇಲೆ ಇನ್ನೊಂದು ತೊಡಕು. ಪುಸ್ತಕಗಳ ಪಟ್ಟಿಯನ್ನು ಅಕ್ಷರಕ್ರಮದಲ್ಲಿ ಜೋಡಿಸುವ ಸಣ್ಣ ಉಪಕರಣವೊಂದು ಪ್ಯಾಕೇಜ್ ಕಟ್ಟುವ ಹೊತ್ತಿನಲ್ಲಿಯೇ ನಡೆಯಬೇಕಾಗಿತ್ತು. ಅದೂ ಆರ್ಮಿಗೆ ತಯಾರಾಗಿ, ಕಟ್ಟುವ ಯಂತ್ರದಲ್ಲಿಯೇ ನಡೆಯದಾಯಿತು. ಕಟ್ಟುವ ಯಂತ್ರ ಯಾವುದು, ನಡೆಯುವ ಯಂತ್ರ ಯಾವುದು ಎಂಬ ವಿವೇಕ ಹೆಜ್ಜೆ ಹೆಜ್ಜೆಗೂ ಇರಬೇಕೆಂಬುದು ಆಗ ತಿಳಿಯಿತು. ಉಪಕರಣವನ್ನು ಇಂಟೆಲಿಗೂ ಪ್ರೋಗ್ರಾಮನ್ನು ಆರ್ಮಿಗೂ ಕಟ್ಟಿದೆ. ಕಡತದ ನೆತ್ತಿಯಲ್ಲಿ ೧೮೩ ಎಂದು ಕಂಡಿತು. ಪುಟ್ಟ ಯಂತ್ರ ಅದನ್ನು ಒಳಕ್ಕೆ ಕರೆದುಕೊಂಡಿತು.

ಇಂದು ಓದುವ ಕೋಣೆಯ ಮೂಲೆಯಲ್ಲಿ ಅದು ಕೆಲಸ ಮಾಡುತ್ತಿದೆ. ಪುಸ್ತಕದ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ ಬೀರುವಿನ ಸಂಖ್ಯೆ ಹೇಳುತ್ತದೆ. ಆದರೆ ಒಳಗೆ ನಾನು ಅದಕ್ಕೆ ಕೊಟ್ಟ ಆಜ್ಞೆಗಳೆಲ್ಲ ಇಂಗ್ಲಿಷಿನವೇ. ೧೯೫೫ರಲ್ಲಿ ಅಧಿಕಾರಿಗಳು ಹೌಹಾರಿ ನಿಲ್ಲಿಸಿದ ಜಾಗವನ್ನು ನಾವಿನ್ನೂ ಹೆಚ್ಚು ದಾಟಿಲ್ಲ. ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಪರೀಕ್ಷೆ ಮುಗಿದರೆ ಕೆಲಸ ಹುಡುಕಬೇಕು. ಪ್ರೋಗ್ರಾಮಿನ ಮೂಲಪ್ರತಿಯನ್ನೂ, ಅದನ್ನು ಎರಡೂ ಜಾತಿಯ ಯಂತ್ರಗಳಿಗೆ ಕಟ್ಟುವ ವಿಧಾನವನ್ನು ಕನ್ನಡದಲ್ಲಿ ಬರೆದ ಒಂದು ನೋಟುಪುಸ್ತಕವನ್ನೂ ಗ್ರಂಥಪಾಲಕರ ಮೇಜಿನಲ್ಲಿ ಇಟ್ಟಿದ್ದೇನೆ. ಮುಂದೆ ಬರುವ ತಮ್ಮಂದಿರೂ ತಂಗಿಯರೂ ಅದನ್ನು ಕೈಗೆತ್ತಿಕೊಳ್ಳಲಿ. ಅದರಲ್ಲಿ ತಪ್ಪುಗಳಿರುವುದು ಖಂಡಿತ. ಬಿಚ್ಚಿ ನೋಡಿ ತಿದ್ದಿರಿ.